ಗೀತೆಯ ಹನ್ನೆರಡನೆಯ ಅಧ್ಯಾಯವನ್ನು ಮನೆಯಲ್ಲಿ ಪಾಠ ಹೇಳುವ ಕ್ರಮ

ಕುರುಕ್ಷೇತ್ರಕ್ಕೆ ಬರುವ ಎಷ್ಟೋ ವರ್ಷ ಮೊದಲೇ ಕೃಷ್ಣಾರ್ಜುನರು ಗೆಳೆಯರಾಗಿದ್ದರು. ಆದರೂ ಎರಡನೆಯ ಅಧ್ಯಾಯದ 7ನೆಯ ಶ್ಲೋಕದಲ್ಲಿ ಅರ್ಜುನನು ‘ಶಿಷ್ಯಸ್ತೇಽಹಂ’ (ನಾನು ನಿನ್ನ ಶಿಷ್ಯ) ಎಂದು ಶರಣಾಗುವವರೆಗೆ ಕೃಷ್ಣನು ತತ್ತ್ವೋಪದೇಶಕ್ಕೆ ತೊಡಗುವುದಿಲ್ಲ. ಆದ್ದರಿಂದ ಮನೆಯ ಪಡಸಾಲೆಯಲ್ಲಿ ನಾಲ್ಕು ಜನರಿಗೆ ಗೀತಾಪಾಠ ಹೇಳಲು ಹೊರಟವರು, ಬರುವವರಿಗೆ ನಿಜವಾಗಿ ಕೇಳುವ ಮನಸ್ಸಿದೆಯೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ಕೇಳಲು ಇಷ್ಟವಿಲ್ಲದವನಿಗೆ ಇದನ್ನು ಹೇಳಬೇಡ ಎಂದು ಹದಿನೆಂಟನೆಯ ಅಧ್ಯಾಯದ 67ನೆಯ ಶ್ಲೋಕವೇ ತಡೆಯುತ್ತದೆ. ಭಕ್ತರಿಗೆ ಇದನ್ನು ತಿಳಿಸುವವನಿಗಿಂತ ನನಗೆ ಪ್ರಿಯನಾದವನು ಮನುಷ್ಯರಲ್ಲಿಲ್ಲ ಎಂಬ ಮಾತು ಬರುವುದು ಅದರ ನಂತರ. ಅಜ್ಜಿಯ ಒತ್ತಾಯಕ್ಕೆ ಬಂದು ಕುಳಿತ ಮೊಮ್ಮಗನನ್ನು ಆಟಕ್ಕೆ ಬಿಡುವುದೇ ಲೇಸು.

ಆರಂಭಕ್ಕೆ ಹನ್ನೆರಡನೆಯ ಅಧ್ಯಾಯ ಅನುಕೂಲ. ಇದರಲ್ಲಿರುವುದು 20 ಶ್ಲೋಕ. ಎಲ್ಲವೂ ಪಾದಕ್ಕೆ, ಅಂದರೆ ಶ್ಲೋಕದ ಕಾಲುಭಾಗಕ್ಕೆ, 8 ಅಕ್ಷರಗಳ ಅನುಷ್ಟುಪ್ ಛಂದಸ್ಸಿನವು. ಹದಿನೈದನೆಯದರಲ್ಲಿಯೂ 20 ಶ್ಲೋಕಗಳೇ ಇವೆಯಾದರೂ ನಡುವೆ ಪಾದಕ್ಕೆ 11 ಅಕ್ಷರಗಳ ತ್ರಿಷ್ಟುಪ್ ಬರುವುದರಿಂದ ಹೊಸಬರ ಉಸಿರು ತಪ್ಪುತ್ತದೆ.

ಕೈಕಾಲು ತೊಳೆದು, ದೀಪ ಹಚ್ಚಿ, ‘ಸಹ ನಾವವತು’ ಶಾಂತಿಮಂತ್ರದಿಂದ ಪಾಠವನ್ನು ಆರಂಭಿಸುವುದು ರೂಢಿ. ಇಲ್ಲಿನ ‘ನೌ’ ಎಂಬುದು ದ್ವಿವಚನ: ನಮ್ಮಿಬ್ಬರನ್ನೂ ಕಾಪಾಡು, ನಾವಿಬ್ಬರೂ ಪರಸ್ಪರ ದ್ವೇಷಿಸದಂತಾಗಲಿ. ಹೇಳುವವನೂ ಕೇಳುವವನೂ ಒಂದೇ ಸಾಲಿನಲ್ಲಿ ನಿಂತು ಬೇಡುವ ಪ್ರಾರ್ಥನೆ ಇದಾದ್ದರಿಂದ, ಮೊದಲ ದಿನವೇ ಇದರ ಅರ್ಥವನ್ನು ಬಿಡಿಸಿ ಹೇಳಬೇಕು. ಈ ಮಂತ್ರಕ್ಕೆ ಸ್ವರವಿದೆ, ಅಂದರೆ ದನಿಯ ಗೊತ್ತಾದ ಏರಿಳಿತವಿದೆ; ಅದನ್ನು ಬಲ್ಲವರ ಬಾಯಿಂದಲೇ ಕಲಿತಿರಬೇಕು, ಪುಸ್ತಕ ನೋಡಿ ಊಹಿಸಬಾರದು. ಗೀತೆಗೆ ಆ ಕಟ್ಟುಪಾಡಿಲ್ಲ.

ಇನ್ನು ಸಂತೆ ಹೇಳಿಸುವುದು. (ವಾರದ ಸಂತೆಯಲ್ಲ, ಬಾಯಿಪಾಠ ಮಾಡಿಸುವ ಕ್ರಮಕ್ಕೆ ವೇದಪಾಠದವರ ಮಾತು.) ಹೇಳಿಕೊಡುವವರು ಒಂದು ಸಲ ಅಂದದ್ದನ್ನು ಕಲಿಯುವವರು ಎರಡು ಸಲ ಅನ್ನಬೇಕು. ಮೊದಲು ‘ಏವಂ ಸತತಯುಕ್ತಾ ಯೇ’ ಎಂಬ ಪಾದವಷ್ಟೇ. ಅದು ಹಿಡಿತಕ್ಕೆ ಬಂದ ಮೇಲೆ ‘ಭಕ್ತಾಸ್ತ್ವಾಂ ಪರ್ಯುಪಾಸತೇ’. ಬಳಿಕ ಎರಡನ್ನೂ ಕೂಡಿಸಿ ಅರ್ಧಶ್ಲೋಕ. ನಮ್ಮವರ ನಾಲಗೆ ಇಲ್ಲಿ ‘ಬಕ್ತಾಸ್ತಾಂ’ ಎಂದು ಜಾರುವುದೇ ಹೆಚ್ಚು. ಆಗ ತಪ್ಪಿದವರ ಹೆಸರೆತ್ತದೆ, ‘ಸ್ತ್ವಾಂ’ ಒಂದನ್ನೇ ಬಿಡಿಯಾಗಿ ಎಲ್ಲರಿಂದಲೂ ಅನ್ನಿಸಿ ಮುಂದುವರಿಯಬೇಕು. ದಿನಕ್ಕೆ ಎರಡು ಶ್ಲೋಕ ಸಾಕು. ಹಿಂದಿನ ದಿನದ್ದನ್ನು ಪುಸ್ತಕ ಮುಚ್ಚಿ ಒಪ್ಪಿಸಿದ ಮೇಲೆಯೇ ಹೊಸದು.

ಅರ್ಥ ಹೇಳುವಾಗ ಪ್ರಶ್ನೆಗೆ ಎಡೆಯಿರಬೇಕು. ನಾಲ್ಕನೆಯ ಅಧ್ಯಾಯದ 34ನೆಯ ಶ್ಲೋಕವು ನಮಸ್ಕಾರ, ಸೇವೆಗಳ ಜೊತೆಗೆ ‘ಪರಿಪ್ರಶ್ನ’ವನ್ನೂ ಜ್ಞಾನದ ದಾರಿಯೆನ್ನುತ್ತದೆ. ಈ ಅಧ್ಯಾಯವಂತೂ ಅರ್ಜುನನ ಪ್ರಶ್ನೆಯಿಂದಲೇ ತೆರೆಯುತ್ತದೆ: ನಿನ್ನನ್ನು ಉಪಾಸಿಸುವವರು, ಅವ್ಯಕ್ತವಾದ ಅಕ್ಷರವನ್ನು (ನಾಶವಿಲ್ಲದ್ದನ್ನು) ಉಪಾಸಿಸುವವರು, ಇವರಲ್ಲಿ ಯೋಗವನ್ನು ಚೆನ್ನಾಗಿ ಬಲ್ಲವರು ಯಾರು? ಆ ‘ಅಕ್ಷರ’ವನ್ನು ಶಂಕರರು ಗುಣರೂಪಗಳಿಲ್ಲದ ನಿರ್ಗುಣ ಬ್ರಹ್ಮವೆಂದೂ, ರಾಮಾನುಜರು ಜೀವಾತ್ಮಸ್ವರೂಪವೆಂದೂ, ಮಧ್ವರು ಶ್ರೀತತ್ತ್ವ, ಅಂದರೆ ಲಕ್ಷ್ಮಿಯೆಂದೂ ವಿವರಿಸಿದ್ದಾರೆ. ನಮ್ಮ ಊರುಗಳಲ್ಲಿ ಮೂರೂ ಮತದವರು ಒಂದೇ ಜಮಖಾನದ ಮೇಲೆ ಕುಳಿತಿರುವುದುಂಟು. ಹೇಳುವವರು ತಮ್ಮ ಸಂಪ್ರದಾಯದ ಅರ್ಥವನ್ನು ತಮ್ಮದೆಂದು ಹೇಳಿಯೇ ಕೊಟ್ಟು, ಉಳಿದೆರಡನ್ನು ಹಳಿಯದೆ ತಿಳಿಸಬೇಕು. ಗೊತ್ತಿಲ್ಲದ್ದಕ್ಕೆ ‘ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ’ ಎಂದರೆ ಪೀಠಕ್ಕೇನೂ ಕುಂದಿಲ್ಲ. ನನಗೆ ಕಂಡಂತೆ ಪಾಠ ಕೆಡುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಅದನ್ನು ಮುಚ್ಚಿಡುವ ಆತುರದಿಂದ.

ದಕ್ಷಿಣೆಯನ್ನು ಮೊದಲೇ ಗೊತ್ತುಮಾಡಬಾರದು. ತಾಂಬೂಲದೊಡನೆ ಕೊಟ್ಟದ್ದನ್ನು ನಿರಾಕರಿಸಲೂ ಬಾರದು.

ಕೊನೆಯ ದಿನ ಎಲ್ಲರೂ ಸೇರಿ ಇಪ್ಪತ್ತೂ ಶ್ಲೋಕಗಳನ್ನು ಪಾರಾಯಣ ಮಾಡಿ, ಮತ್ತೆ ಶಾಂತಿಮಂತ್ರ ಹೇಳಿ ಏಳಬೇಕು. ಇಡೀ ಗೀತೆಯನ್ನು ಹೇಳಿ ಮುಗಿಸುವಾಗ ಕೃಷ್ಣನೂ ‘ಯಥೇಚ್ಛಸಿ ತಥಾ ಕುರು’, ಚೆನ್ನಾಗಿ ವಿಮರ್ಶಿಸಿ ನಿನಗೆ ತೋಚಿದಂತೆ ಮಾಡು ಎಂದನಷ್ಟೆ. ಹಾಗಿರುವಾಗ, ಕಲಿತವರು ನಿತ್ಯ ಪಠಿಸುತ್ತಿದ್ದಾರೋ ಇಲ್ಲವೋ ಎಂದು ಆಮೇಲೆ ಅವರ ಬೆನ್ನು ಹತ್ತಬಾರದು.