ಗೇಣಿನಿಂದ ಮೊಳಕ್ಕೆ: ಅಮ್ಮನ ಸೋಬಾನೆ ಪದ ರೆಕಾರ್ಡ್ ಮಾಡಿದ ನನ್ನ ಅನುಭವ

ನಮ್ಮಮ್ಮ ಸೋಬಾನೆ ಪದ ಹೇಳುತ್ತಾರೆ. ನಮ್ಮ ಹಾಸನದ ಕಡೆ ಮದುವೆ ಮನೆಯಲ್ಲಿ ಒಬ್ಬರು ಮುಂದೆ ಹೇಳಿದರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಅಮ್ಮ ಮುಂದೆ ಹೇಳುವವರು. ಸೊಲ್ಲಿಗೆ ಇಬ್ಬರು ಚಿಕ್ಕಮ್ಮಂದಿರು. ಈ ಪದಗಳನ್ನು ಯಾರೂ ಬರೆದಿಟ್ಟಿಲ್ಲ, ಅವರ ಬಾಯಲ್ಲೇ ಇವೆ. ಹೇಗಾದರೂ ಮಾಡಿ ಉಳಿಸಿಕೊಳ್ಳಬೇಕು ಅಂತ ಒಂದು ಕಂಡೆನ್ಸರ್ ಮೈಕು (ಸಣ್ಣ ಸದ್ದನ್ನೂ ಹಿಡಿಯುವ ಬಗೆಯದು), ಒಂದೇ ಮೈಕಿನ ಸಣ್ಣ ಆಡಿಯೋ ಇಂಟರ್‌ಫೇಸ್ (ಮೈಕಿನ ದನಿಯನ್ನು ಅಂಕಿ ಮಾಡಿ ಲ್ಯಾಪ್‌ಟಾಪಿಗೆ ಕಳಿಸುವ ಪೆಟ್ಟಿಗೆ), ಒಂದು ಸ್ಟ್ಯಾಂಡ್ ತಂದೆ. ಎಲ್ಲ ಸೇರಿ 10 ಸಾವಿರದೊಳಗೆ ಮುಗಿಯಿತು. ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಲು ಉಚಿತವಾಗಿ ಸಿಗುವ ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಇತ್ತು.

ಮೊದಲ ದಿನ ಐದು ಪದ ರೆಕಾರ್ಡ್ ಆದವು. ಪರದೆಯಲ್ಲಿ ದನಿಯ ಮಟ್ಟ ತೋರಿಸುವ ಮೀಟರ್ ಒಮ್ಮೆಯೂ ಕೆಂಪಾಗಲಿಲ್ಲ. ರಾತ್ರಿ ಹೆಡ್‌ಫೋನ್ ಹಾಕಿ ಕೇಳಿದರೆ ಸೊಲ್ಲು ಬಂದಾಗಲೆಲ್ಲ ದನಿ ಒಡೆದು ಕರಕರ ಅನ್ನುತ್ತಿತ್ತು. ವಾಲ್ಯೂಮ್ ಇಳಿಸಿ ಕೇಳಿದರೂ ಅಷ್ಟೇ. ಪರದೆಯಲ್ಲಿ ದನಿಯ ಅಲೆಗಳನ್ನು ದೊಡ್ಡದು ಮಾಡಿ ನೋಡಿದೆ. ಪ್ರತಿ ಅಲೆಯ ತುದಿಯೂ ಒಂದೇ ಎತ್ತರದಲ್ಲಿ, ಕುಡುಗೋಲಿನಲ್ಲಿ ಸವರಿದ ಹಾಗೆ ಚಪ್ಪಟೆಯಾಗಿತ್ತು. ಅದೂ ಮೀಟರಿನ ತುದಿಯಲ್ಲಲ್ಲ, ಅರ್ಧದಲ್ಲಿ.

ಆ ಅರ್ಧ ಎತ್ತರವೇ ಉತ್ತರ ಹೇಳಿತು. ನಾನು ಇಂಟರ್‌ಫೇಸಿನ ಗೇನ್ ಗುಂಡಿಯನ್ನು, ಅಂದರೆ ಮೈಕಿನ ದನಿಯನ್ನು ಎಷ್ಟು ಎತ್ತಬೇಕು ಅನ್ನುವ ಗುಂಡಿಯನ್ನು, ಪೂರ್ತಿ ತಿರುಗಿಸಿಟ್ಟಿದ್ದೆ. ಜಾಸ್ತಿ ಆಯಿತು ಅನ್ನಿಸಿದಾಗ ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಮಟ್ಟದ ಸ್ಲೈಡರ್ ಇಳಿಸಿದ್ದೆ. ಗುಂಡಿ ಕೆಲಸ ಮಾಡುವುದು ಶಬ್ದ ಇನ್ನೂ ವಿದ್ಯುತ್ ಆಗಿರುವಾಗ. ನನ್ನ ಸೆಟ್‌ನಲ್ಲಿ ಸ್ಲೈಡರ್ ಕೆಲಸ ಮಾಡುವುದು ಅದು ಅಂಕಿಯಾದ ಮೇಲೆ. ಡಿಜಿಟಲ್‌ನಲ್ಲಿ 0 ಡೆಸಿಬಲ್ ಅಂದರೆ ಸೂರು. ಅದರ ಮೇಲೆ ಜಾಗವೇ ಇಲ್ಲ, ಕೆಳಗಿನದೆಲ್ಲ ಮೈನಸ್ ಅಂಕಿ. ಇಂಟರ್‌ಫೇಸಿನೊಳಗೆ ತಲೆ ಸೂರಿಗೆ ಬಡಿದಾಗಿತ್ತು. ಆಮೇಲೆ ಸ್ಲೈಡರ್ ಇಳಿಸಿ ಒಡೆದ ದನಿಯನ್ನೇ ಸಣ್ಣದು ಮಾಡಿದ್ದೆ ಅಷ್ಟೇ. ಇಂಟರ್‌ಫೇಸಿನ ಮೇಲಿನ ಪುಟ್ಟ ಕೆಂಪು ದೀಪ ಹೇಳುತ್ತಲೇ ಇದ್ದಿರಬೇಕು, ನಾನು ನೋಡುತ್ತಿದ್ದುದು ಪರದೆಯನ್ನು. ಅಂದಿನಿಂದ ಸ್ಲೈಡರ್ 100ರಲ್ಲೇ ಇದೆ, ಅದನ್ನು ಮುಟ್ಟುವುದಿಲ್ಲ. ದನಿಯನ್ನು ತಾನಾಗಿಯೇ ಏರಿಸಿ ಇಳಿಸುವ ಸೆಟ್ಟಿಂಗ್ ಎಲ್ಲಿದ್ದರೂ ಹುಡುಕಿ ಆಫ್ ಮಾಡಿದೆ. ಅದು ಇದ್ದರೆ ಪದದ ನಡುವೆ ಉಸಿರು ಎಳೆದುಕೊಳ್ಳುವಾಗ ಫ್ಯಾನಿನ ಸದ್ದು ಮೇಲೆದ್ದು ಬರುತ್ತದೆ.

ಎರಡನೇ ಸಲ ಹೆದರಿ ಗುಂಡಿಯನ್ನು ತೀರಾ ಇಳಿಸಿದೆ. ಅಮ್ಮನ ದನಿ ಮೈನಸ್ 40ರ ಹತ್ತಿರ. ಆಮೇಲೆ ಎತ್ತಿದಾಗ ಫ್ರಿಡ್ಜು, ಬೀದಿಯ ಸದ್ದು, ಸಲಕರಣೆಯ ಸ್ಸ್ ಅನ್ನುವ ಸದ್ದು, ಎಲ್ಲ ಜೊತೆಗೇ ಎದ್ದವು.

ಮೂರನೇ ಸಲ ಮೊದಲು ಗುಂಡಿ ಮುಟ್ಟಲಿಲ್ಲ, ಕೂರುವ ಜಾಗ ನೋಡಿದೆ. ಅಲ್ಲಿಯವರೆಗೆ ಮೂವರೂ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. ಅಮ್ಮ ಒಬ್ಬರೇ ಹೇಳುವಾಗ ಮೈನಸ್ 20ರಲ್ಲಿದ್ದ ಮೀಟರ್, ಸೊಲ್ಲಿಗೆ ಎಲ್ಲರೂ ಸೇರಿದ ಕೂಡಲೇ ಮೈನಸ್ 5ಕ್ಕೆ ಹಾರುತ್ತಿತ್ತು. ಗುಂಡಿ ಯಾವ ಮಟ್ಟದಲ್ಲಿಟ್ಟರೂ ಒಂದು ಕಡೆ ಕಷ್ಟ. ಆದರೆ ದೂರ ಎರಡರಷ್ಟಾದರೆ ಮೈಕಿಗೆ ತಲುಪುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ನಮ್ಮ ಅಳತೆಯಲ್ಲಿ ಎರಡು ಗೇಣು ಅಂದರೆ ಒಂದು ಮೊಳ. ಅಂದರೆ ಗೇಣಿನಿಂದ ಮೊಳಕ್ಕೆ ಸರಿದರೆ 6, ಇನ್ನೂ ಸರಿದು ಎರಡು ಮೊಳಕ್ಕೆ ಹೋದರೆ ಮತ್ತೆ 6. ಮನೆಯೊಳಗೆ ಗೋಡೆಗೆ ಬಡಿದು ಬರುವ ದನಿಯೂ ಸೇರುವುದರಿಂದ ಇಷ್ಟು ಪೂರ್ತಿ ಇಳಿಯುವುದಿಲ್ಲ. ಆದರೂ ಲೆಕ್ಕಕ್ಕೆ ಇದು ಚೆನ್ನಾಗಿ ಬರುತ್ತದೆ. ಅಮ್ಮನನ್ನು ಮೈಕಿನಿಂದ ಒಂದು ಗೇಣಿನಲ್ಲಿ ಕೂರಿಸಿದೆ, ಮೈಕು ಬಾಯಿಗೆ ನೇರ ಅಲ್ಲ, ಸ್ವಲ್ಪ ಪಕ್ಕಕ್ಕೆ. ಚಿಕ್ಕಮ್ಮಂದಿರನ್ನು ಎರಡು ಮೊಳ ಹಿಂದಕ್ಕೆ ಚಾಪೆಯ ಮೇಲೆ ಕೂರಿಸಿದೆ. ಹಿಂದಿನ ಗೋಡೆಗೆ ಹಾಸಿಗೆ ಒರಗಿಸಿಟ್ಟೆ. ಸೊಲ್ಲು ಮೈನಸ್ 11ಕ್ಕೆ ಇಳಿಯಿತು. ಕಿವಿಗೂ ಹಿತವಾಗಿತ್ತು. ಮದುವೆ ಮನೆಯಲ್ಲಿ ಕೇಳುವಾಗಲೂ ಸೊಲ್ಲು ಹಿಂದಿನಿಂದಲೇ ಬರುತ್ತದೆ ಅಲ್ವಾ?

ಗುಂಡಿಯನ್ನು ಸೊಲ್ಲು ಕೇಳಿಕೊಂಡೇ ಕೂರಿಸಬೇಕು, ಅಮ್ಮನ ಒಂಟಿ ಸಾಲಿಗಲ್ಲ. ಇನ್ನೊಂದು ವಿಷಯ. ‘ಸುಮ್ನೆ ಒಂದು ಸಾಲು ಹೇಳಿ, ಟೆಸ್ಟ್ ಮಾಡ್ತೀನಿ’ ಅಂದರೆ ಯಾರೂ ಗಂಟಲು ಬಿಚ್ಚಿ ಹೇಳುವುದಿಲ್ಲ. ಮೆಲ್ಲಗೆ ಹೇಳಿ ನಿಲ್ಲಿಸುತ್ತಾರೆ. ಎರಡನೇ ಪದಕ್ಕೆ ಬರುವಷ್ಟರಲ್ಲಿ ದನಿ ಕಾಯುತ್ತದೆ, ಮೀಟರ್ ನಾಲ್ಕೈದು ಡೆಸಿಬಲ್ ಮೇಲೆ ಹೋಗುತ್ತದೆ. ಅದಕ್ಕೆ ನಾನು ಮೊದಲು ಒಂದು ಇಡೀ ಪದ ಹೇಳಿಸುತ್ತೇನೆ. ಅದರ ಅತಿ ಜೋರಾದ ಸೊಲ್ಲು ಮೈನಸ್ 15ರ ಹತ್ತಿರ ಬರುವ ಹಾಗೆ ಗುಂಡಿ ಇಟ್ಟು ಕೈ ತೆಗೆಯುತ್ತೇನೆ. ಪದದ ನಡುವೆ ಗುಂಡಿ ತಿರುಗಿಸಿದರೆ ಆ ಏರುಪೇರು ರೆಕಾರ್ಡಿನಲ್ಲಿ ಹಾಗೇ ಉಳಿದುಬಿಡುತ್ತದೆ.

ಇಷ್ಟು ಜಾಗ ಖಾಲಿ ಬಿಟ್ಟರೆ ನಷ್ಟವೇ? ಅಲ್ಲ. ಬಿಟ್ ಅಂದರೆ ದನಿಯನ್ನು ಎಷ್ಟು ಸೂಕ್ಷ್ಮವಾದ ಅಂಕಿಯಲ್ಲಿ ಬರೆದಿಡುತ್ತದೆ ಅನ್ನುವ ಲೆಕ್ಕ. 16 ಬಿಟ್‌ನಲ್ಲಿ ಲೆಕ್ಕದ ಪ್ರಕಾರ ಸೂರಿನಿಂದ ತಳದವರೆಗೆ 96 ಡೆಸಿಬಲ್ ಜಾಗ ಇದೆ, 24 ಬಿಟ್‌ನಲ್ಲಿ 144. ನಮ್ಮ ಕೋಣೆಯ ಸದ್ದು ಆ ತಳಕ್ಕಿಂತ ಎಷ್ಟೋ ಮೇಲಿರುತ್ತದೆ. ಹಾಗಾಗಿ 24 ಬಿಟ್‌ನಲ್ಲಿಟ್ಟು ನೆಮ್ಮದಿಯಾಗಿ ಜಾಗ ಬಿಡುತ್ತೇನೆ. ಕೊನೆಯಲ್ಲಿ ಇಡೀ ಪದವನ್ನು ಒಟ್ಟಿಗೆ ಎತ್ತಿ ಮೈನಸ್ 3ಕ್ಕೆ ತಂದರಾಯಿತು.

ಡೈನಮಿಕ್ ಮೈಕು ಇರುವವರಿಗೆ ಗುಂಡಿ ಇನ್ನೂ ತುಂಬಾ ಮೇಲೆ ಬೇಕಾಗುತ್ತದೆ, ಅದರಿಂದ ಬರುವ ವಿದ್ಯುತ್ತೇ ಕಡಿಮೆ. ಕಂಡೆನ್ಸರಿಗೆ ಇಂಟರ್‌ಫೇಸಿನಿಂದ ವಿದ್ಯುತ್ ಕೊಡುವ 48 ವೋಲ್ಟ್ ಸ್ವಿಚ್ ಹಾಕುವುದು ಮರೆಯಬೇಡಿ. ಗುಂಯ್ ಅನ್ನುವ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಆ ಸದ್ದು ಸೇರಿಕೊಂಡರೆ ಲೆವೆಲ್ ಎತ್ತಿದಷ್ಟೂ ಅದೂ ಎತ್ತುತ್ತದೆ. ನಾನು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡುತ್ತೇನೆ.

ಗುಂಡಿ ನಿಂತ ಜಾಗಕ್ಕೆ ಉಗುರು ಬಣ್ಣದ ಒಂದು ಚುಕ್ಕೆ ಇಟ್ಟಿದ್ದೇನೆ. ಅಮ್ಮ ಈಗ ತಾವೇ ಗೇಣು ಅಳೆದು ಕೂರುತ್ತಾರೆ, ಹಿಂದೆ ತಿರುಗಿ ತಂಗಿಯರಿಗೆ ಇನ್ನೂ ಸರಿಯಿರಿ ಅನ್ನುತ್ತಾರೆ. ಮುಂದಿನ ವಾರ ಬೀಸುವ ಪದ. ರಾಗಿಕಲ್ಲು ತಿರುಗುವ ಸದ್ದೂ ಇರಲೇಬೇಕು ಅಂತ ಅಮ್ಮ ಹೇಳಿದ್ದಾರೆ. ಕಲ್ಲನ್ನು ಎಷ್ಟು ಮೊಳ ದೂರ ಇಡುವುದು ಅಂತ ಯೋಚಿಸುತ್ತಿದ್ದೇನೆ.