ಲೈಬ್ರರಿ ಪಿರಿಯಡ್ ನಡೆಸುವುದು ಹೇಗೆ: 1ರಿಂದ 5ನೇ ತರಗತಿ

40 ನಿಮಿಷದ ಪಿರಿಯಡ್‌ನಲ್ಲಿ ಕೈಗೆ ಸಿಗುವುದು 35. ಮೊದಲ 10 ನಿಮಿಷ ನೀವು ಗಟ್ಟಿಯಾಗಿ ಓದಿ, 15 ನಿಮಿಷ ಮಕ್ಕಳು ಆರಿಸಿ ಓದಲಿ, ಉಳಿದ 10 ನಿಮಿಷ ಪುಸ್ತಕ ಕೊಡುವುದಕ್ಕೆ. ಗಂಟೆ ಹೊಡೆಯುವ ಹೊತ್ತಿಗೆ ಇದನ್ನು ಶುರುಮಾಡಿದರೆ 30 ಮಕ್ಕಳೂ ಮೇಜಿಗೆ ಮುತ್ತಿಕೊಳ್ಳುತ್ತಾರೆ, ರಿಜಿಸ್ಟರಿನಲ್ಲಿ ಹೆಸರು ತಪ್ಪುತ್ತದೆ. ಐದೈದು ಮಂದಿಯನ್ನು ಕರೆಯಿರಿ.

ಓದಿ ಹೇಳುವ ಪುಸ್ತಕವನ್ನು ಹಿಂದಿನ ದಿನವೇ ಒಮ್ಮೆ ಬಾಯಿಬಿಟ್ಟು ಓದಿ ನೋಡಿ. ಚಿತ್ರ ಮಕ್ಕಳ ಕಡೆಗಿರಲಿ. ಕಾರವಾರದ ಕಡೆ ಬಹಳ ಮನೆಗಳಲ್ಲಿ ಕೊಂಕಣಿ. ಮೀನಿನ ಚಿತ್ರ ಕಂಡು ‘ಬಾಂಗ್ಡೊ’ ಎಂದ ಮಗುವನ್ನು ತಿದ್ದಲು ಹೋಗಬೇಡಿ. ‘ಹೌದು, ಬಂಗಡೆ’ ಎಂದು ಮುಂದಕ್ಕೆ ಓದಿ, ಸಾಕು.

ಪುಸ್ತಕ ಎಲ್ಲೆಲ್ಲೋ ಸೇರುವುದನ್ನು ತಪ್ಪಿಸಲು ಪ್ರತಿ ಮಗುವಿಗೆ 30 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ರಟ್ಟಿನ ಪಟ್ಟಿ ಕೊಡಿ. ಪುಸ್ತಕ ಎಳೆದ ಜಾಗದಲ್ಲಿ ಪಟ್ಟಿ ನಿಲ್ಲಬೇಕು.

ಕರಾವಳಿಯಲ್ಲಿ ನಿಜವಾದ ತಲೆನೋವು ಮಳೆಗಾಲ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗಿಡಿ, ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಗಾಳಿ ಆಡದಿದ್ದರೆ ಬೂಷ್ಟು ಖಂಡಿತ. ಒದ್ದೆಯಾದದ್ದನ್ನು ಹಾಳೆ ಬಿಡಿಸಿ ಫ್ಯಾನಿನ ಕೆಳಗೆ ನಿಲ್ಲಿಸಿ. ಬಿಸಿಲಿಗೆ ಇಟ್ಟರೆ ರಟ್ಟು ಸೊಟ್ಟಗಾಗುತ್ತದೆ, ಬಣ್ಣವೂ ಹೋಗುತ್ತದೆ. ಬೂಷ್ಟು ಹಿಡಿದದ್ದನ್ನು ಮಕ್ಕಳಿಂದ ಒರೆಸಿಸಬೇಡಿ: ಪೂರ್ತಿ ಒಣಗಿದ ಮೇಲೆ ನೀವೇ ಮೂಗಿಗೆ ಮಾಸ್ಕ್ ಹಾಕಿಕೊಂಡು ಜಗಲಿಯಲ್ಲಿ ಒಣಬಟ್ಟೆಯಿಂದ ಒರೆಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಗೆ ಹೋಗುವ ಪುಸ್ತಕಕ್ಕೆ ಪ್ಲಾಸ್ಟಿಕ್ ಚೀಲ ಬೇಕೇ ಬೇಕು. ಹಾಲಿನ ಪ್ಯಾಕೆಟ್ ಆಗದು, ತೊಳೆದರೂ ವಾಸನೆ ಬಿಡುವುದಿಲ್ಲ.