ಡೆವಲಪರ್ ತಂಡದಲ್ಲಿ ವಾರದ ಗೆಲುವುಗಳು: ಹೆಕ್ಕುವುದು, ಹೇಳುವುದು, ಉಳಿಸಿಕೊಳ್ಳುವುದು

ಶುಕ್ರವಾರ ಮಧ್ಯಾಹ್ನ "ಈ ವಾರ ಏನಾಯಿತು?" ಎಂದು ಕೇಳಿದರೆ ಹೆಚ್ಚಿನ ಡೆವಲಪರ್‌ಗಳಿಗೆ ತಟ್ಟನೆ ನೆನಪಾಗುವುದು ಮುಗಿಯದೆ ಉಳಿದ ಟಿಕೆಟ್ (ಮಾಡಬೇಕಾದ ಕೆಲಸದ ನಮೂದು). ಸೋಮವಾರ ಸರಿಪಡಿಸಿದ ಬಗ್ ಅಷ್ಟರಲ್ಲಿ ಮರೆತೇ ಹೋಗಿರುತ್ತದೆ. ಈ ಕೆಲಸವೇ ಹಾಗೆ: ಸರಿಯಾಗಿ ಓಡುವ ಕೋಡ್ ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಟ್ಟದ್ದು ಮಾತ್ರ ಅಲರ್ಟ್ ಆಗಿ ಬಂದು ಎಬ್ಬಿಸುತ್ತದೆ. ಸಂಶೋಧಕರಾದ ತೆರೆಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ 7 ಕಂಪನಿಗಳ 238 ಉದ್ಯೋಗಿಗಳು ಬರೆದ ಸುಮಾರು 12,000 ದಿನಚರಿ ಟಿಪ್ಪಣಿಗಳನ್ನು ಪರಿಶೀಲಿಸಿ 2011ರಲ್ಲಿ ಹೇಳಿದ್ದು ಇಷ್ಟು: ಅರ್ಥವಿದೆ ಎನಿಸುವ ಕೆಲಸ ಸ್ವಲ್ಪವಾದರೂ ಮುಂದೆ ಸಾಗಿದ ದಿನ ಜನರ ಹುಮ್ಮಸ್ಸು ಏರುತ್ತದೆ, ಹಿನ್ನಡೆಯ ಪೆಟ್ಟು ಮಾತ್ರ ಅದಕ್ಕಿಂತ ಜೋರಾಗಿ ತಾಗುತ್ತದೆ. ಆದ್ದರಿಂದಲೇ ತಂಡ ವಾರಕ್ಕೊಮ್ಮೆ ಸೇರಿ ಆ ವಾರದ ಗೆಲುವುಗಳನ್ನು ಹೇಳಿಕೊಳ್ಳುವ ಪದ್ಧತಿ ಬೇಕು. ಆ ಗೆಲುವುಗಳನ್ನು ನೆನಪಿಗೆ ಬಿಡಬಾರದು, ದಾಖಲೆಯಿಂದ ಹೆಕ್ಕಬೇಕು.

ಹೆಕ್ಕುವುದು ಹೇಗೆ

ಪ್ರತಿಯೊಬ್ಬರೂ ತಾವೇ ಹತ್ತು ನಿಮಿಷ ಕೂತು ಮಾಡಬೇಕಾದ ಕೆಲಸವಿದು. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಲಾಗ್‌ನಿಂದ ಶುರು ಮಾಡಿ: ಮೊದಲು ಫೆಚ್ (ಸರ್ವರ್‌ನಲ್ಲಿರುವ ಹೊಸದನ್ನು ತರುವುದು), ಆಮೇಲೆ ಆಥರ್ (--author) ಆಯ್ಕೆಗೆ ನಿಮ್ಮ ಹೆಸರು, ಸಿನ್ಸ್ (--since) ಆಯ್ಕೆಗೆ ಒಂದು ವಾರ, ಜೊತೆಗೆ ಆಲ್ (--all). ಆಲ್ ಬಿಟ್ಟರೆ ನೀವು ಸದ್ಯ ಇರುವ ಬ್ರಾಂಚ್‌ನ, ಅಂದರೆ ಕೋಡ್‌ನ ಆ ಕವಲಿನ, ಕಮಿಟ್‌ಗಳಷ್ಟೇ (ದಾಖಲಾದ ಬದಲಾವಣೆಗಳಷ್ಟೇ) ಕಾಣುತ್ತವೆ. ಇಲ್ಲಿ ಎರಡು ಕಡೆ ಎಡವುವವರು ಬಹಳ. ಸಿನ್ಸ್ ನೋಡುವುದು ಕೋಡ್ ಮೊದಲು ಬರೆದ ದಿನವನ್ನಲ್ಲ, ಕಮಿಟ್ ಕೊನೆಯದಾಗಿ ರೂಪುಗೊಂಡ ದಿನವನ್ನು. ಹಾಗಾಗಿ ಈ ವಾರ ರಿಬೇಸ್ ಮಾಡಿದ್ದರೆ, ಅಂದರೆ ಹಳೆಯ ಕಮಿಟ್‌ಗಳನ್ನು ಹೊಸ ಬುಡದ ಮೇಲೆ ಮತ್ತೆ ಕೂರಿಸಿದ್ದರೆ, ಹೋದ ತಿಂಗಳ ಕೆಲಸವೂ ಈ ವಾರದ ಪಟ್ಟಿಗೆ ಬಂದು ಕೂರುತ್ತದೆ. ಇನ್ನು ಇಬ್ಬರು ಒಟ್ಟಿಗೆ ಕೂತು ಬರೆದ ಕೋಡ್: ನಿಮ್ಮ ಹೆಸರು ಕಮಿಟ್ ಸಂದೇಶದ ಕೋ-ಆಥರ್ಡ್-ಬೈ ಸಾಲಿನಲ್ಲಿ ಮಾತ್ರ ಇದ್ದರೆ ಆಥರ್ ಹುಡುಕಾಟಕ್ಕೆ ಅದು ಸಿಗುವುದಿಲ್ಲ, ಗ್ರೆಪ್ (--grep) ಆಯ್ಕೆಯಿಂದ ಸಂದೇಶಗಳೊಳಗೆ ಇನ್ನೊಮ್ಮೆ ಹುಡುಕಬೇಕು.

ಆದರೆ ಗಿಟ್‌ನಲ್ಲಿ ಸಿಗುವುದು ವಾರದ ಕೆಲಸದ ಒಂದು ಭಾಗ ಮಾತ್ರ. ನೀವು ಬೇರೆಯವರ ಪುಲ್ ರಿಕ್ವೆಸ್ಟ್‌ಗಳಿಗೆ (ತಮ್ಮ ಬದಲಾವಣೆಯನ್ನು ಮುಖ್ಯ ಕೋಡ್‌ಗೆ ಸೇರಿಸಲು ಕೇಳುವ ಕೋರಿಕೆಗಳಿಗೆ) ಬರೆದ ರಿವ್ಯೂಗಳನ್ನು ತೆರೆದು ನೋಡಿ. "ಈ ಮೈಗ್ರೇಶನ್ (ಡೇಟಾಬೇಸ್ ರಚನೆಯ ಬದಲಾವಣೆ) ಇಡೀ ಟೇಬಲ್ಲನ್ನು ಲಾಕ್ ಮಾಡುತ್ತದೆ" ಎಂದು ಬರೆದ ಒಂದು ಸಾಲು ಒಂದು ಅವಘಡವನ್ನೇ ತಪ್ಪಿಸಿರಬಹುದು, ಮತ್ತು ಅದು ನಿಮ್ಮ ಹೆಸರಿನ ಯಾವ ಕಮಿಟ್‌ನಲ್ಲೂ ಇರುವುದಿಲ್ಲ. ಆನ್-ಕಾಲ್ (ತೊಂದರೆಯಾದರೆ ಕರೆಗೆ ಓಗೊಡುವ ಸರದಿಯ) ದಾಖಲೆ ನೋಡಿ: ಯಾವ ಅಲರ್ಟ್ ಈ ವಾರ ಬರಲಿಲ್ಲ, ಏಕೆ ಬರಲಿಲ್ಲ? ಕ್ಯಾಲೆಂಡರ್ ನೋಡಿ. ನೀವು ಕಳಿಸಿದ ಸಂದೇಶಗಳ ಮೇಲೂ ಒಮ್ಮೆ ಕಣ್ಣಾಡಿಸಿ; ಹೊಸಬರೊಬ್ಬರ ಸೆಟಪ್ ತೊಡಕು ಬಿಡಿಸಿದ್ದು, "ಈ ಫೀಚರ್ ಬೇಡ, ಈಗಿರುವುದೇ ಸಾಕು" ಎಂದು ತೋರಿಸಿಕೊಟ್ಟು ಎರಡು ವಾರದ ಕೆಲಸ ಉಳಿಸಿದ್ದು ಅಲ್ಲಿ ಸಿಗುತ್ತವೆ. ಟೆಸ್ಟಿಂಗ್, ಆಪರೇಶನ್ಸ್, ಡಾಕ್ಯುಮೆಂಟೇಶನ್ ನೋಡಿಕೊಳ್ಳುವವರ ಗೆಲುವುಗಳು ಬಹುಪಾಲು ಇಂಥವೇ. ಇಡೀ ಪದ್ಧತಿಯ ಬೆಲೆ ಇರುವುದು ಈ ಕಾಣದ ಕೆಲಸ ನಾಲ್ಕು ಜನರ ಕಿವಿಗೆ ಬೀಳುವುದರಲ್ಲಿ.

ಹೇಳುವುದು ಹೇಗೆ

"ಬಿಲ್ಡ್ (ಕೋಡ್ ಅನ್ನು ಓಡಬಲ್ಲ ರೂಪಕ್ಕೆ ತರುವ ಹಂತ) ಸುಧಾರಿಸಿದೆ" ಎಂದರೆ ಕೇಳಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಏನು ಬದಲಾಯಿತು, ಎಲ್ಲಿಂದ ಎಲ್ಲಿಗೆ, ಯಾರಿಗೆ ಅನುಕೂಲ, ಯಾರ ನೆರವು: ಇಷ್ಟೂ ಒಂದೆರಡು ವಾಕ್ಯಗಳಲ್ಲಿ ಬರಲಿ.

"ಸಿಐ (ಪ್ರತಿ ಬದಲಾವಣೆಯನ್ನೂ ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಬಿಲ್ಡ್ 24 ನಿಮಿಷದಿಂದ 9ಕ್ಕೆ ಇಳಿದಿದೆ. ಟೆಸ್ಟ್‌ಗಳನ್ನು ನಾಲ್ಕು ಭಾಗ ಮಾಡಿ ಒಟ್ಟಿಗೆ ಓಡಿಸುತ್ತಿದ್ದೇವೆ. ಹೇಗೆ ಒಡೆಯಬೇಕೆಂದು ತೋರಿಸಿಕೊಟ್ಟದ್ದು ಪ್ಲಾಟ್‌ಫಾರ್ಮ್ ತಂಡ."

"ಪೇಮೆಂಟ್ ಟೆಸ್ಟ್ ಆಗಾಗ ಸುಮ್ಮಸುಮ್ಮನೆ ಫೇಲ್ ಆಗುತ್ತಿದ್ದುದಕ್ಕೆ ಟೈಮ್‌ಝೋನ್ ಕಾರಣ ಎಂದು ಗೊತ್ತಾಯಿತು. ಇನ್ನು ಯಾರೂ ಅದನ್ನು ಮರು ಓಡಿಸುತ್ತ ಕೂರಬೇಕಿಲ್ಲ."

ಅಳೆದದ್ದಿದ್ದರೆ ಮಾತ್ರ ಅಂಕಿ ಹೇಳಿ. ಬಿಲ್ಡ್ ಸಮಯ ಕ್ಯಾಶ್ (ಹಿಂದಿನ ಸಲದ ಉಳಿಸಿಟ್ಟ ಫಲಿತಾಂಶ) ಇದ್ದಾಗ ಒಂದು, ಇಲ್ಲದಾಗ ಇನ್ನೊಂದು. ಒಂದು ಸಲ ಓಡಿಸಿ ನೋಡಿದ್ದನ್ನು ಗೆಲುವೆಂದು ಸಾರಿದರೆ ಮುಂದಿನ ವಾರ ಹಿಂತೆಗೆದುಕೊಳ್ಳಬೇಕಾದೀತು. ಮೊದಲೂ ಆಮೇಲೂ ಒಂದೇ ಸ್ಥಿತಿಯಲ್ಲಿ ಹತ್ತು ಸಲ ಓಡಿಸಿ, ಬಂದ ಅಂಕಿಗಳ ನಡುವಿನದನ್ನು (ಮೀಡಿಯನ್) ತೆಗೆದುಕೊಳ್ಳಿ. ಎಷ್ಟು ಕಮಿಟ್, ಎಷ್ಟು ಸಾಲು, ಎಷ್ಟು ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರದ ಅಂದಾಜು) ಎಂಬ ಲೆಕ್ಕ ಬೇಡವೇ ಬೇಡ. ಅದನ್ನು ಮೆಚ್ಚಿಕೊಳ್ಳಲು ಶುರು ಮಾಡಿದ ತಂಡದಲ್ಲಿ ಒಂದು ಕಮಿಟ್ ಐದಾಗಿ ಒಡೆಯುತ್ತದೆ, ಕೆಲಸ ಇದ್ದಲ್ಲೇ ಇರುತ್ತದೆ.

ಕೂಟ

ಎಂಟು ಜನರಿಗೆ 20 ನಿಮಿಷ ಸಾಕು. ಮೊದಲ 3 ನಿಮಿಷ ಎಲ್ಲರೂ ಮಾತಿಲ್ಲದೆ ಹಂಚಿಕೊಂಡ ಫೈಲ್‌ನಲ್ಲಿ ತಮ್ಮ ಸಾಲು ಬರೆಯಲಿ. ನಂತರ ಒಬ್ಬೊಬ್ಬರಿಗೆ ಒಂದೂವರೆ ನಿಮಿಷ, ಅಲ್ಲಿಗೆ 12. ಉಳಿದ 5 ನಿಮಿಷ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳಲು. ಮೊದಲು ಬರೆಸುವುದಕ್ಕೆ ಕಾರಣವಿದೆ: ಇಲ್ಲದಿದ್ದರೆ ಮಾತುಗಾರರ ದನಿಯಷ್ಟೇ ಕೇಳುತ್ತದೆ, ಮೆಲುದನಿಯವರು "ನನ್ನದೇನಿಲ್ಲ" ಎಂದುಬಿಡುತ್ತಾರೆ. ಹತ್ತು ದಾಟಿದ ತಂಡ ಎರಡು ಗುಂಪಾಗಲಿ. ನಡೆಸಿಕೊಡುವ ಸರದಿ ಪ್ರತಿ ವಾರ ಬದಲಾಗಲಿ.

ಸೀನಿಯರ್‌ಗಳು ಮೊದಲು ಮಾತಾಡುವುದಾದರೆ ತಮ್ಮ ಸಣ್ಣ ಗೆಲುವನ್ನೇ ಹೇಳಬೇಕು. ದೊಡ್ಡ ಲಾಂಚ್‌ನಿಂದ ಆರಂಭವಾದ ಸುತ್ತಿನಲ್ಲಿ, ಮೊದಲ ಪುಲ್ ರಿಕ್ವೆಸ್ಟ್ ಮರ್ಜ್ ಆದ ಖುಷಿಯನ್ನು ಹೊಸಬರು ಬಾಯಿಬಿಟ್ಟು ಹೇಳುವುದಿಲ್ಲ.

ಬೇರೆ ಬೇರೆ ಟೈಮ್‌ಝೋನ್‌ಗಳಲ್ಲಿರುವ ತಂಡಕ್ಕೆ ಬರಹವೇ ಸರಿ. ಒಬ್ಬರ ಶುಕ್ರವಾರ ಸಂಜೆ ಇನ್ನೊಬ್ಬರ ಶನಿವಾರ ಬೆಳಗಾಗಿರುತ್ತದೆ. ಗುರುವಾರ ಥ್ರೆಡ್ ತೆರೆದು 24 ಗಂಟೆ ಬಿಡಿ.

ವೈಯಕ್ತಿಕ ಗೆಲುವು

ಕೆಲಸದ ಹೊರಗಿನ ಗೆಲುವನ್ನು ಹೇಳುವುದು ಪೂರ್ತಿ ಐಚ್ಛಿಕ. "ಪಾಸ್" ಎಂದರೆ ಕಾರಣ ಕೇಳದೆ ಮುಂದಿನವರಿಗೆ ಹೋಗಬೇಕು, ಮತ್ತು ಕೆಲವೊಮ್ಮೆ ನಡೆಸಿಕೊಡುವವರೇ ಪಾಸ್ ಹೇಳಬೇಕು. ಆಗಲೇ ಉಳಿದವರಿಗೆ ಅದು ನಿಜವಾದ ಅವಕಾಶ ಅನಿಸುವುದು. ಮೂರು ಕಿಲೋಮೀಟರ್ ನಿಲ್ಲದೆ ಓಡಿದ್ದು, ಅರ್ಧಕ್ಕೆ ಬಿಟ್ಟ ಪುಸ್ತಕ ಮುಗಿಸಿದ್ದು, ಐದು ದಿನವೂ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಿದ್ದು, ಎಲ್ಲವೂ ಸಲ್ಲುತ್ತವೆ. ಆರೋಗ್ಯ, ತೂಕ, ಮನೆಯ ವಿಚಾರ ಯಾರಾದರೂ ಹೇಳಿಕೊಂಡರೆ ಸಂತೋಷಪಡಿ, ಮರುಪ್ರಶ್ನೆ ಹಾಕಬೇಡಿ. ತಂಡದ ಫೈಲ್‌ನಲ್ಲಿ ಇದನ್ನು ಬರೆಯಲೂ ಬೇಡಿ. ರಜೆಯಲ್ಲಿ ಕೂತು ಆಫೀಸಿನ ಕೆಲಸ ಮಾಡಿದ್ದು ವೈಯಕ್ತಿಕ ಗೆಲುವಿನ ಲೆಕ್ಕಕ್ಕೆ ಬರುವುದಿಲ್ಲ. ಯಾರಾದರೂ ಹಾಗೆ ಹೇಳಿದರೆ ಮ್ಯಾನೇಜರ್ ಆಮೇಲೆ ಅವರ ಜೊತೆ ಪ್ರತ್ಯೇಕವಾಗಿ ಮಾತಾಡಬೇಕು.

ಎಲ್ಲಿ ಕೆಡುತ್ತದೆ

"ಹಾಗಾದರೆ ಉಳಿದದ್ದು ಯಾವಾಗ ಮುಗಿಯುತ್ತದೆ?" ಎಂದು ಮ್ಯಾನೇಜರ್ ಒಮ್ಮೆ ಕೇಳಿದರೆ ಸಾಕು, ಮುಂದಿನ ವಾರದಿಂದ ಇದು ಸ್ಟೇಟಸ್ ಮೀಟಿಂಗ್. ಅಂಥ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಸ್ಟ್ಯಾಂಡ್‌ಅಪ್‌ನಲ್ಲಿ (ದಿನದ ಚಿಕ್ಕ ಸಭೆಯಲ್ಲಿ) ಕೇಳಲಿ.

ಇದಕ್ಕಿಂತ ಆಳದ ತೊಂದರೆ ರಾತ್ರಿ ಎರಡು ಗಂಟೆಯವರೆಗೆ ಕೂತು ಪ್ರೊಡಕ್ಷನ್ (ಬಳಕೆದಾರರು ಬಳಸುತ್ತಿರುವ ವ್ಯವಸ್ಥೆ) ಸರಿಪಡಿಸಿದವರಿಗೆ ಮಾತ್ರ ಚಪ್ಪಾಳೆ ಬೀಳುವುದು. ಬೆಂಕಿ ಆರಿಸಿದವರನ್ನೇ ಹೊಗಳುತ್ತಿದ್ದರೆ ಬೆಂಕಿ ಬೀಳದಂತೆ ನೋಡಿಕೊಂಡವರು ಮೂಲೆಗೆ ಸರಿಯುತ್ತಾರೆ, ನಿದ್ದೆಗೆಡುವುದೇ ಒಳ್ಳೆಯ ಡೆವಲಪರ್‌ನ ಲಕ್ಷಣವೆಂದು ಕಿರಿಯರು ತಿಳಿಯುತ್ತಾರೆ. ರಾತ್ರಿ ದುಡಿದವರಿಗೆ ಥ್ಯಾಂಕ್ಸ್ ಹೇಳಿ, ಬದಲಿ ರಜೆ ಕೊಡಿ. ಗೆಲುವೆಂದು ದಾಖಲಿಸಬೇಕಾದ್ದು ಅದೇ ತೊಂದರೆ ಮತ್ತೆ ಬಾರದಂತೆ ಮಾಡಿದ ಬದಲಾವಣೆಯನ್ನು.

ಸರ್ವರ್ ಬಿದ್ದು ಇಡೀ ವಾರ ಹಾಳಾದಾಗ ಬಲವಂತದ ನಗು ಬೇಡ. "ರೋಲ್‌ಬ್ಯಾಕ್ (ಹಿಂದಿನ ಆವೃತ್ತಿಗೆ ಮರಳುವುದು) ನಾಲ್ಕೇ ನಿಮಿಷದಲ್ಲಿ ಆಯಿತು", "ಯಾರ ಮೇಲೂ ಬೆರಳು ತೋರಿಸದೆ ಪೋಸ್ಟ್‌ಮಾರ್ಟಮ್ (ಅವಘಡ ಏಕಾಯಿತೆಂಬ ವರದಿ) ಬರೆದೆವು" ಎಂಬಂಥ ನಿಜವಾದ ಸಾಲಿದ್ದರೆ ಹೇಳಿ. ಇಲ್ಲವಾದರೆ ಆ ವಾರದ ಕೂಟ ಬಿಡಿ. ತಂಡದಿಂದ ಜನರನ್ನು ತೆಗೆದ ವಾರವಂತೂ ಖಂಡಿತ ಬೇಡ.

ಉಳಿಸಿಕೊಳ್ಳುವುದು

ಚಾಟ್‌ನಲ್ಲೇ ಬಿಟ್ಟರೆ ಕಳೆದುಹೋಗುತ್ತದೆ. ಚಾಟ್ ಆ್ಯಪ್ ಸ್ಲ್ಯಾಕ್‌ನ ಉಚಿತ ಯೋಜನೆಯಲ್ಲಿ 90 ದಿನಕ್ಕಿಂತ ಹಳೆಯ ಸಂದೇಶಗಳು ಕಾಣುವುದಿಲ್ಲ. ವಾರದ ದಿನಾಂಕದ ಕೆಳಗೆ ಸಾಲುಗಳನ್ನು ವಿಕಿ ಪುಟಕ್ಕೆ ನಕಲಿಸಿ. ಗ್ರಾಹಕರ ಹೆಸರು, ಇನ್ನೂ ಮುಚ್ಚದ ಭದ್ರತಾ ಲೋಪದ ವಿವರ ಅದರಲ್ಲಿ ಇರಬಾರದು. ಇದಲ್ಲದೆ ಪ್ರತಿಯೊಬ್ಬರೂ ತಮ್ಮದೇ ಫೈಲ್‌ನಲ್ಲಿ ವಾರಕ್ಕೆ ಎರಡು ಮೂರು ಸಾಲು, ಪುಲ್ ರಿಕ್ವೆಸ್ಟ್‌ನ ಲಿಂಕ್ ಸಮೇತ, ಇಟ್ಟುಕೊಳ್ಳಲಿ. ವರ್ಷಕ್ಕೆ ನೂರಕ್ಕೂ ಹೆಚ್ಚು ಸಾಲಾಗುತ್ತದೆ, ಅಪ್ರೈಸಲ್ ಫಾರಂ ತುಂಬುವಾಗ ಕೊನೆಯ ತಿಂಗಳಷ್ಟೇ ನೆನಪಾಗುವ ಕಷ್ಟ ತಪ್ಪುತ್ತದೆ. ಆದರೆ ಆ ಫೈಲ್‌ನಿಂದ ಏನನ್ನು ಆರಿಸಿ ಕೊಡಬೇಕೆಂಬುದು ಬರೆದವರಿಗೆ ಬಿಟ್ಟದ್ದು. ಕೂಟದಲ್ಲಿ ಹೇಳಿದ್ದನ್ನು ಮ್ಯಾನೇಜರ್ ಕೇಳದೆಯೇ ಮೌಲ್ಯಮಾಪನಕ್ಕೆ ಎಳೆದರೆ, ಮರುವಾರದಿಂದ ಎಲ್ಲರೂ ತೂಗಿ ಅಳೆದೇ ಮಾತಾಡುತ್ತಾರೆ.

ಮೊದಲ ನಾಲ್ಕು ವಾರ ಪ್ರಯೋಗವೆಂದೇ ಹೇಳಿ ಶುರು ಮಾಡಿ. ಐದನೆಯ ವಾರ ಹೆಸರಿಲ್ಲದ ಫಾರಂನಲ್ಲಿ ಒಂದೇ ಪ್ರಶ್ನೆ ಕೇಳಿ: ಮುಂದುವರಿಸೋಣವೇ, ಸಮಯ ಬದಲಿಸೋಣವೇ, ಬರಹಕ್ಕಷ್ಟೇ ಇಳಿಸೋಣವೇ, ನಿಲ್ಲಿಸೋಣವೇ? ಬಂದ ಉತ್ತರದಂತೆ ನಡೆದುಕೊಳ್ಳಿ, ನಿಲ್ಲಿಸೋಣ ಎಂದಿದ್ದರೂ ಸರಿ.